ಬನ್ನಿ ಅಂದ ಮಾತು

ಕೂದಲು ಬುಡದಿಂದ ಬಿಡುತ್ತಿಲ್ಲ, ಸುಣ್ಣದ ಗುಂಡಿಯಲ್ಲಿ ಇನ್ನೆರಡು ದಿನ ನೆನೆಯಬೇಕಿತ್ತು ಈ ತೊಗಲು, ಹೊಟ್ಟೆಯ ಕಡೆ ಸಲೀಸು, ಬೆನ್ನಿನ ಕಡೆ ಬಂದರೆ ಕತ್ತಿ ತಡವರಿಸುತ್ತದೆ, ಎತ್ತಿನ ಬೆನ್ನು, ಹೊತ್ತದ್ದೆಲ್ಲ ಅಲ್ಲೇ ಗಟ್ಟಿಯಾಗಿರುತ್ತದೆ, ಹೆರೆ, ಮಂಟಯ್ಯ, ಹೆರೆ, ನಿನಗೆ ಬರುವುದು ಇದೊಂದೇ—ಹೊಳೆಯ ಆಚೆ ಮಸೀದಿಯಲ್ಲಿ ಕೂಗು ಎದ್ದಿತು, ಇಳಿಹೊತ್ತಿನ ಕೂಗು, ಲಕ್ಷ್ಮಣತೀರ್ಥದ ನೀರಿನ ಮೇಲೆ ಹಾದು ನಮ್ಮ ಕೇರಿಯ ತನಕ ಬರುತ್ತದೆ, ಹುಟ್ಟಿದಾಗಿನಿಂದ ಕೇಳಿದ್ದೇನೆ, ಹೊತ್ತು ಎಷ್ಟಾಯಿತೆಂದು ತಿಳಿಯುವುದಕ್ಕೆ ನಮಗೆ ಅದೇ ಗಡಿಯಾರ, ಈಗ ಮಾತ್ರ ಗಾಯಕ್ಕೆ ಸುಣ್ಣ ಬಿದ್ದ ಹಾಗೆ ಉರಿಯುತ್ತದೆ. ಗುಡಿಸಲಿನೊಳಗೆ ಪುಟ್ಟಮಾದಮ್ಮ ಗಂಟು ಕಟ್ಟುತ್ತಿದ್ದಾಳೆ. ನಾಳೆ ಬೆಳಗ್ಗೆ ತೋಟಕ್ಕೆ ಕೂಲಿಯಾಳು ಒಯ್ಯುವ ಮೇಸ್ತ್ರಿಯ ಗಾಡಿ. ಮದುವೆಯ ಗಾಡಿ ಹೋಗಬೇಕಾಗಿದ್ದ ದಾರಿಯೂ ಅದೇ, ಪಿರಿಯಾಪಟ್ಟಣದ ದಾರಿ, ಆದರೆ ಈ ಗಾಡಿ ಅಲ್ಲಿ ನಿಲ್ಲುವುದಿಲ್ಲ, ಗಂಡಿನ ಊರು ದಾಟಿಕೊಂಡು ಮುಂದಕ್ಕೆ, ಕೊಡಗಿನ ಕಾಫಿ ತೋಟಕ್ಕೆ, ಹದಿನಾರು ವರ್ಷದ ಮಗಳು ಹಣ್ಣು ಬಿಡಿಸುವುದಕ್ಕೆ ಹೋಗುತ್ತಾಳೆ, ಚಳಿಜ್ವರದ ನಾಡಿಗೆ. ಎಂಟು ದಿನವಾಯಿತು ನನ್ನ ಜೊತೆ ಮಾತು ಬಿಟ್ಟು. ಬಿಡುವ ಮುಂಚೆ ಕೇಳಿದ್ದು ಒಂದೇ, ಯಾಕಪ್ಪಾ ಯೋಳ್ಬುಟ್ಟೆ, ಇಲ್ಲ ಅಂದುಬುಟ್ಟಿದ್ರೆ ಆಗ್ತಿತ್ತಲ್ಲ. ಗಾಡಿ ಹತ್ತುವ ಮುಂಚೆ ಅದಕ್ಕೊಂದು ಉತ್ತರ ಕೊಡಬೇಕು ನಾನು. ಕೊಡದೆ ಕಳಿಸಿದರೆ ಅವಳು ಮತ್ತೆ ಈ ಕೇರಿಗೆ ಕಾಲಿಡುವುದಿಲ್ಲ, ಗೊತ್ತು, ನನ್ನ ಮಗಳಲ್ಲವೇ, ಹಟದಲ್ಲಿ ಈ ಬೆನ್ನಿನ ತೊಗಲೇ.

ಗೆಜ್ಜೆ, ಒಂದು ಗೆಜ್ಜೆ, ಜೊತೆಯೂ ಅಲ್ಲ. ಬುಡನ್ ಸಾಬರ ಸೊಸೆಯದು. ತೊಗಲು ಮಂಡಿಯ ಬುಡನ್ ಸಾಬರು, ನಾನು ಹದ ಮಾಡಿದ್ದೆಲ್ಲ ಅವರ ಮಂಡಿಗೇ ಹೋಗುವುದು, ಜರ್ಮನಿ ಯುದ್ಧ ಶುರುವಾದ ಮೇಲೆ ಸಿಪಾಯಿಗಳ ಬೂಟಿಗೆ ಚರ್ಮ ಸಾಲದೆಂದು ನಮಗೂ ಬಿಡುವಿಲ್ಲ ಅವರಿಗೂ ಬಿಡುವಿಲ್ಲ. ಮಗಳು ಅವರ ಹಿತ್ತಲು ಗುಡಿಸುತ್ತಿದ್ದಳು. ನಾನು ಕಣ್ಣಾರೆ ನೋಡಿದ್ದೆ. ತೊಗಲು ಹದಕ್ಕೆಂದು ಇಲ್ಲಿ ಗುಡ್ಡೆ ಹಾಕಿದ ತಂಗಡಿ ತೊಗಟೆಯ ರಾಶಿಯ ಹಿಂದೆ, ನಡುಹಗಲಲ್ಲಿ, ಆ ಗೆಜ್ಜೆ ಎಡಗಾಲಿಗೆ ಕಟ್ಟಿಕೊಂಡು, ಬಗ್ಗಿ, ಕೈಯಿಂದ ಅದನ್ನು ಅದುಮಿ ಹಿಡಿದುಕೊಂಡು ಹೆಜ್ಜೆ ಇಡುತ್ತಿದ್ದಳು, ಗೆಜ್ಜೆ ಕಟ್ಟಿಕೊಂಡು ಅದು ಸದ್ದು ಮಾಡದ ಹಾಗೆ ನಡೆಯುವ ಹುಡುಗಿಯನ್ನು ಯಾರಾದರೂ ಕಂಡಿದ್ದಾರೆಯೇ, ಕುಂಟ ಕೊಕ್ಕರೆಯ ಹಾಗೆ, ಮುಖದಲ್ಲಿ ಮಾತ್ರ ಎಂಥ ನಗು. ನಾನು ಕೆಮ್ಮಲಿಲ್ಲ. ಹಿಂದಕ್ಕೆ ಸರಿದು ಬಂದೆ. ನಾಳೆ ತಾನೇ ತೆಗೆದ ಕಡೆ ಇಟ್ಟುಬಿಡುತ್ತಾಳೆ ಅಂದುಕೊಂಡೆ, ಇಡುವ ಮುಂಚೆಯೇ ಅಲ್ಲಿ ಹುಡುಕಾಟ ಎದ್ದಿತು. ಬುಡನ್ ಸಾಬರು ಪೊಲೀಸರನ್ನು ಕರೆಯಲಿಲ್ಲ, ಅದು ಅವರ ದೊಡ್ಡತನ, ನನ್ನನ್ನು ಮಂಡಿಗೆ ಕರೆಸಿ, ಏ ಮಂಟಾ, ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಗೆ ಬಾ, ದೇವರ ಮನೆಯಲ್ಲಿ ಕೂತು ನನ್ನ ಮಗಳು ತೆಗೆದಿಲ್ಲ ಅಂತ ಒಂದು ಮಾತು ಹೇಳು, ಅಲ್ಲಿಗೆ ಮುಗೀತು ಕಣೋ ಅಂದರು. ಸುಳ್ಳು ಹೇಳುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಟಿದ್ದು. ಪಾಪದ ಭಯವೇ ಇರಲಿಲ್ಲ. ಊರ ದೇವರ ಮುಂದೆ ನಮ್ಮಿಂದ ಆಣೆ ಹಾಕಿಸಿದ್ದಾರೆ, ಗುಡಿಯ ಮುಂದೆ ಅಲ್ಲ, ಗುಡಿ ಕಾಣುವ ಬೀದಿಯ ಮೂಲೆಯಲ್ಲಿ ನಿಲ್ಲಿಸಿ, ನೆಲದ ಮೇಲೆ ಕರ್ಪೂರ ಹಚ್ಚಿಸಿ, ಅಂಗೈಯಲ್ಲಿ ಆರಿಸ್ಲಾ ಎಂದು. ಅಷ್ಟು ದೂರದಿಂದ ದೇವರಿಗೆ ನನ್ನ ಮುಖ ಕಂಡೀತೇ, ನನ್ನ ಮಾತು ಕೇಳಿಸೀತೇ, ಒಳಗೆ ಬಿಡದ ದೇವರ ಮುಂದೆ ಸುಳ್ಳು ಹೇಳಿದರೆ ಬಾಗಿಲಿಗೆ ಹೇಳಿದ ಹಾಗೆ. ಇದಂತೂ ನನ್ನ ದೇವರೂ ಅಲ್ಲ. ಸಾಬ್ರ ದೇವ್ರಿಗೆ ಕನ್ನಡ ಬತ್ತದೋ ಇಲ್ವೋ ಕಣ್ಲಾ, ಎರಡು ಸುಳ್ಳು ಜಾಸ್ತೀನೇ ಯೋಳ್ಬುಟ್ಟು ಬಾ ಎಂದು ಪಕ್ಕದ ಗುಂಡಿಯ ಬೆಟ್ಟಸ್ವಾಮಿ ನಗಾಡಿ ಕಳಿಸಿದ್ದ. ನಾನೂ ನಕ್ಕುಕೊಂಡೇ ಹೊಳೆ ದಾಟಿದ್ದೆ.

ಮಸೀದಿಯ ಮುಂದೆ ನಿಲ್ಲುವ ಕಡೆ ನಿಂತೆ, ಅಂದರೆ ಮೆಟ್ಟಿಲಿನಿಂದ ಏಳೆಂಟು ಮಾರು ಈಚೆ, ಯಾರೂ ಹೇಳದಿದ್ದರೂ ಕಾಲು ತಾನೇ ಅಳೆದುಕೊಂಡು ನಿಲ್ಲುತ್ತದೆ. ನಮಾಜು ಮುಗಿದು ಜನ ಹೊರಗೆ ಬರುತ್ತಿದ್ದರು, ಅರ್ಧಕ್ಕರ್ಧ ತೊಗಲಿನವರು, ಗುರುತಿನವರೇ. ಮುದುಕ ಮುಲ್ಲಾ ಬಾಗಿಲಿಗೆ ಬಂದರು, ತಮಿಳು ಸೀಮೆಯ ವಾಣಿಯಂಬಾಡಿ ಕಡೆಯವರು, ಹುಣಸೂರಿಗೆ ಬಂದು ಎರಡು ವರ್ಷ ಆಗಿರಬೇಕು, ಬಿಳಿ ಗಡ್ಡ, ಬಲಗೈ ಮುಂದಕ್ಕೆ ಚಾಚಿ, ಬನ್ನಿ, ಅಂದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬನ್ನಿ, ನೀವು, ಒಳಗೆ ಬನ್ನಿ. ಮತ್ತೊಂದು ಸಲ ತಿರುಗಿ ನೋಡಿದೆ, ಬರೀ ಬೀದಿ. ಬಾ, ಬಾರೋ, ಬಾರ್ಲಾ, ಏ, ಥೂ—ಇಷ್ಟರಲ್ಲೇ ನನ್ನ ಐವತ್ತು ವರ್ಷ ಸವೆದಿದೆ, ಅಮಲ್ದಾರರ ಜವಾನನಿಂದ ಹಿಡಿದು ಗೌಡರ ಮನೆಯ ಹಾಲುಹಲ್ಲಿನ ಮಗುವಿನ ತನಕ ಎಲ್ಲರೂ ಬಾರ್ಲಾ, ಬನ್ನಿ ಅನ್ನುವುದು ನಾನು ಆಡುವ ಮಾತು, ನನಗೆ ಆಡುವ ಮಾತಲ್ಲ. ಹೇಗೆ ಹತ್ತಿದೆನೋ ಮೆಟ್ಟಿಲು. ಒಳಗೆ ಕಲ್ಲಿನ ತೊಟ್ಟಿ, ತುಂಬಿದ ನೀರು, ಕೈಕಾಲು ತೊಳೀರಿ ಅಂದರು, ನಾನು ಬಗ್ಗಿ ಬೊಗಸೆ ಒಡ್ಡಿ ನಿಂತೆ, ಮೇಲಿನಿಂದ ಯಾರಾದರೂ ಹುಯ್ಯಲಿ ಎಂದು, ನಿಂತೇ ಇದ್ದೆ, ಯಾರೂ ಹುಯ್ಯಲಿಲ್ಲ, ತಡವಾಗಿ ಬಂದು ಪಕ್ಕದಲ್ಲಿ ಮೊಣಕೈ ತೊಳೆಯುತ್ತಿದ್ದ ಇನ್ನೊಬ್ಬ ಮುದುಕ ಇವನೇನು ಮಾಡುತ್ತಿದ್ದಾನೆ ಎಂದು ನೋಡಿದ. ಅದ್ದಿ, ನೀವು ಕೈ ಅದ್ದಿ ಅಂದರು ಮುಲ್ಲಾ. ಅದ್ದಿದೆ. ತೊಗಟೆಯ ಕೆಂಪು ಇಳಿದ ಕೈ, ತೊಟ್ಟಿಗೆಲ್ಲ ಬಣ್ಣ ಬಿಟ್ಟೀತೆಂದು ಜೀವ ಹಾರಿತು. ಬಿಡಲಿಲ್ಲ. ಒಬ್ಬ ಹರೆಯದ ವ್ಯಾಪಾರಿ ಮೂಗಿಗೆ ವಸ್ತ್ರ ಅಡ್ಡ ಹಿಡಿದು ಎದ್ದು ಹೋದ, ಅದು ಮಾತ್ರ ಸರಿಯಾಗಿ ಅರ್ಥವಾಯಿತು, ಒಂದು ಗಳಿಗೆ ಸಮಾಧಾನವೂ ಆಯಿತು, ಸದ್ಯ, ಗೊತ್ತಿರುವ ಊರೇ ಇದು ಎಂದು. ಚಾಪೆ ತೋರಿಸಿದರು. ಕೂತ್ಕೊಳ್ಳಿ. ಬುಡನ್ ಸಾಬರು ಕೂತಿದ್ದ ಚಾಪೆಯೇ ಅದು, ಅವರು ಕೊಂಚ ಸರಿದು ಜಾಗ ಬಿಟ್ಟರು, ಮಂಡಿಯಲ್ಲಿ ನಾನು ಅವರ ಎದುರು ಕೂತವನೇ ಅಲ್ಲ. ದೇವರನ್ನು ಹುಡುಕಿದೆ. ಎದುರಿನ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಏನೂ ಇಲ್ಲ, ಕಲ್ಲಿಲ್ಲ, ದೀಪವಿಲ್ಲ, ಕುಂಕುಮವಿಲ್ಲ, ಬಳಿದ ಸುಣ್ಣ, ಅದರ ವಾಸನೆ ಒಂದು ನಮ್ಮದು. ಏನ್ ಮುಟ್ಟಿ ಆಣೆ ಮಾಡ್ಲಿ ಸ್ವಾಮಿ ಅಂದೆ. ಏನೂ ಮುಟ್ಟಬೇಡಿ, ನೀವು ಹೇಳಿ, ಸಾಕು ಅಂದರು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಹೊಳೆ ದಾಟುವಾಗ ನಾಲ್ಕು ಸಲ ಹೇಳಿ ನೋಡಿದ್ದೆ, ಆದರೆ ಅದು ಬಾರ್ಲಾ ಅನ್ನಿಸಿಕೊಳ್ಳುವ ಮಂಟ ಕಟ್ಟಿಕೊಂಡು ಬಂದ ಸುಳ್ಳು, ಬನ್ನಿ ಅನ್ನಿಸಿಕೊಂಡವನ ಬಾಯಿಗೆ ಅದು ಒಗ್ಗಲೇ ಇಲ್ಲ, ಅವನು ಯಾರೋ ಬೇರೆ, ಅವನ ಮರ್ಯಾದೆ ಹುಟ್ಟಿ ಇನ್ನೂ ಅರ್ಧ ಗಳಿಗೆಯಾಗಿಲ್ಲ, ಅದನ್ನು ಹೇಗೆ ಕೊಲ್ಲಲಿ—ನನ್ ಮಗ್ಳೇ ತಗಂಡವ್ಳೆ ಬುದ್ಧಿ, ಒಂದ್ ಕಾಲ್ದು, ತೊಗಟೆ ರಾಸೀಲದೆ, ಅಂದುಬಿಟ್ಟೆ. ಹೇಳುವಾಗ ಎದೆ ಎಷ್ಟು ಅಗಲವಾಗಿತ್ತು, ಥೂ, ಎಷ್ಟು ಅಗಲವಾಗಿತ್ತು.

ಬುಡನ್ ಸಾಬರು ನನ್ನ ಕಡೆ ತಿರುಗಿದರು. ನೀನು ಇಲ್ಲ ಅಂದಿದ್ದರೆ ನಂಬಿಬಿಡುತ್ತಿದ್ದೆ ಕಣೋ ಮಂಟಾ, ನಂಬೋಣ ಅಂತಲೇ ಕರೆಸಿದ್ದು, ಅಂದರು. ಗೆಜ್ಜೆ ಕಳಿಸಿಕೊಡು, ಈ ಮಾತು ಇಲ್ಲಿಗೆ ಬಿಡು. ಅವರು ಬಿಟ್ಟರು, ಬಾಗಿಲಲ್ಲಿ ನಿಂತಿದ್ದ ಮಂಡಿಯ ಹಮಾಲರು ಬಿಡುತ್ತಾರೆಯೇ, ಮೂರನೆಯ ದಿನಕ್ಕೆ ಗಂಡಿನ ಅಪ್ಪ ಮಂಚಯ್ಯ ಪಿರಿಯಾಪಟ್ಟಣದಿಂದ ಬಂದು ಎಲೆ ಅಡಿಕೆ ವಾಪಸು ಇಟ್ಟ, ಊರೋರು ಅಂದಿದ್ರೆ ನಾನು ಜಗಳಕ್ಕೋಯ್ತಿದ್ದೆ ಬೀಗ, ಎತ್ತಪ್ಪನೇ ಮಸೀದೀಲಿ ಕುಂತು ಅಂದ ಮ್ಯಾಲೆ ನಾನೆಂಗೆ ಅಲ್ಲ ಅನ್ಲಿ. ಹೌದು, ಹೆಂಗೆ ಅಂದಾನು. ಹೆಂಡತಿ ಮರಮ್ಮ ಅವತ್ತಿನಿಂದ ಒಲೆಯ ಮುಂದೆ ಕೂತು ಅದನ್ನೇ ಅರೆಯುತ್ತಾಳೆ, ಸಾಬ್ರು ಏನ್ ತಿನ್ನಿಸಿ ಕಳ್ಸುದ್ರು ನಿಂಗೆ, ಹೆಂಡ ಕುಡ್ದು ಬಂದು ದಿನಾ ನನ್ ಮುಂದೆ ಯೋಳ್ತೀಯಲ್ಲ, ಅದ್ರಲ್ಲಿ ಒಂದೇ ಒಂದ್ ಸುಳ್ಳ ಮಗ್ಳಿಗೆ ಅಂತ ಎತ್ತಿಡಕ್ಕೆ ಆಗ್ನಿಲ್ವಾ. ಮಗಳು ಅಷ್ಟೂ ಅನ್ನುವುದಿಲ್ಲ. ಈಗ ಗುಡಿಸಲಿನ ಬಾಗಿಲಿಗೆ ಬಂದು ನಿಂತಿದ್ದಾಳೆ, ಗಂಟು ಮುಗಿಯಿತೇನೋ, ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಕೇಳು ತಾಯಿ ಇನ್ನೊಂದು ಸಲ, ಕೇಳಿದರೆ ಹೇಳುತ್ತೇನೆ, ಬನ್ನಿ ಅಂದ್ರು ಕಣವ್ವಾ, ನಿಮ್ಮಪ್ಪನ್ನ ಬನ್ನಿ ಅಂದ್ರು, ಅದ್ಕೇ ಯೋಳ್ಬುಟ್ಟೆ. ಬೇರೆ ಯಾರಿಗೂ ತಿಳಿಯದಿದ್ದರೂ ಇವಳಿಗೆ ತಿಳಿಯುತ್ತದೆ, ತನ್ನದಲ್ಲದ ಗೆಜ್ಜೆ ಒಂದು ಕಾಲಿಗೆ ಕಟ್ಟಿಕೊಂಡು ನಕ್ಕವಳಿಗೆ ತಿಳಿಯುತ್ತದೆ. ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ, ಎಂಟು ದಿನದಿಂದ ತೆರೆಯುತ್ತೇನೆ, ಆಗ ಮಸೀದಿ ಮೆಟ್ಟಿಲಿನ ಆ ಮೇಕೆ ಮನಸ್ಸಿಗೆ ಅಡ್ಡ ಬಂದು ನಿಲ್ಲುತ್ತದೆ. ಅವತ್ತು ಹೊರಡುವಾಗ ಮುಲ್ಲಾ ಮೆಟ್ಟಿಲಿನ ತನಕ ಬಂದಿದ್ದರು, ನನ್ನನ್ನು ಕಳಿಸಿಕೊಡಲು, ನೆಂಟರು ಕೂಡ ನನ್ನನ್ನು ಹಾಗೆ ಕಳಿಸಿಕೊಟ್ಟಿಲ್ಲ. ಮೇಲಿನ ಮೆಟ್ಟಿಲಲ್ಲಿ ಯಾರದೋ ಮೇಕೆ, ಕರಿಯದು, ಒಂದು ಕಿವಿ ಹರಿದದ್ದು, ಯಾರೋ ಬಿಚ್ಚಿಟ್ಟ ಎಕ್ಕಡದ ಬಾರು ಅಗಿಯುತ್ತಿತ್ತು. ಮುಲ್ಲಾ ಬಗ್ಗಿದರು, ಅದೇ ಬಲಗೈ ಚಾಚಿದರು, ಅದೇ ದನಿ, ಹೋಗಿ, ನೀವು ಆಚೆ ಹೋಗಿ, ಇಲ್ಲಿ ಬರಬೇಡಿ ನೀವು. ಅಷ್ಟೇ ಮೆತ್ತಗೆ. ಅವರಿಗೆ ಬರುವ ಕನ್ನಡವೇ ಅಷ್ಟಿರಬಹುದು, ಬಾ ಅನ್ನುವುದನ್ನು ಯಾರೂ ಕಲಿಸಿಕೊಡದೆ ಇದ್ದಿರಬಹುದು, ಇಲ್ಲವೇ ಮೇಕೆಗೂ ಮರ್ಯಾದೆ ಕೊಡುವ ಮನುಷ್ಯರೇ ಇರಬಹುದು, ಯಾವುದೆಂದು ಯಾರನ್ನು ಕೇಳಲಿ, ಹೊಳೆ ದಾಟಿ ಹೋಗಿ, ಸ್ವಾಮಿ, ಅವತ್ತು ನೀವು ಬನ್ನಿ ಅಂದದ್ದು ನನಗೋ, ಇಲ್ಲ ನಿಮಗೆ ಮಾತು ಬಾರದ್ದಕ್ಕೋ ಎಂದು ಕೇಳಲೇ, ಮಗಳ ಮದುವೆ ಕೊಟ್ಟು ಕೊಂಡುಕೊಂಡದ್ದು ಏನೆಂದು ಕೇಳಲೇ—ಪುಟ್ಟಮಾದಮ್ಮ ಒಳಕ್ಕೆ ಹೋದಳು, ಕತ್ತಿ ಬೆನ್ನಿನ ಮೇಲೆ ನಿಂತಿದೆ, ಹೆರೆ, ಹೆರೆಯಲಾರೆ, ಹೋಗಿ ಅಂದರು ಮುಲ್ಲಾ, ಇನ್ನೊಂದು ಸಲ ಅಂದರು, ಅದು ನನ್ನ ಹಾಗೆ ಹಿಂದಕ್ಕೆ ತಿರುಗಿ ನೋಡಲಿಲ್ಲ, ಯಾರಿಗೆ ಅಂದದ್ದೋ ಎಂಬ ಅನುಮಾನವೇ ಅದಕ್ಕೆ ಬರಲಿಲ್ಲ, ಬಾರು ಬಾಯಲ್ಲಿ, ಕತ್ತು ನೆಟ್ಟಗೆ, ಆ ಮೇಕೆ.