ಬೊಚ್ಚಜ್ಜಿಯ ಉಸಿರು

ಬೊಚ್ಚಜ್ಜಿಗೆ ಚಳಿಯಾಗುತ್ತಿದೆ ಎಂದು ವಿಡಿಯೋದ ಕೆಳಗೆ ಮೊದಲು ಬರೆದವರು ಯಾರೋ ಗೊತ್ತಿಲ್ಲ. ಒಂದೇ ವಾರದಲ್ಲಿ ನಮ್ಮ ಮನೆಗೆ ಹನ್ನೊಂದು ಶಾಲು ಬಂದವು. ಎಲ್ಲವೂ ಅಂಗೈಯಗಲದವು, ಕೈಯಲ್ಲೇ ಹೆಣೆದವು. ಬೊಚ್ಚಜ್ಜಿ ನನ್ನ ತಮ್ಮನ ಕೈಗೊಂಬೆ. ಅವಳನ್ನು ಹೊಲಿದವಳು ನಾನು.

ತಮ್ಮ ಶಾಲುಗಳನ್ನು ನೋಡಿ ನಕ್ಕ. ನನಗೆ ನಗು ಬರಲಿಲ್ಲ. ಗೊಂಬೆ ನಡುಗುತ್ತಿದ್ದರೆ ಒಳಗಿರುವ ಕೈ ನಡುಗುತ್ತಿದೆ ಎಂದೇ ಅರ್ಥ.

ಟೀವಿಯ ಕಾಲದಲ್ಲಿ ನಮಗೆ ಈ ಹೆದರಿಕೆ ಇರಲಿಲ್ಲ. ವಾರಕ್ಕೊಮ್ಮೆ ಕಾಲು ಗಂಟೆ ಬೊಚ್ಚಜ್ಜಿ ಮಕ್ಕಳನ್ನು ಗದರಿಸಿ ಹೋಗುತ್ತಿದ್ದಳು. ಮಕ್ಕಳು ನಕ್ಕು ಊಟಕ್ಕೆ ಏಳುತ್ತಿದ್ದರು. ತಪ್ಪಾಗಿದ್ದರೆ ಗಾಳಿಗೆ ಹೋಯಿತು. ಟೀವಿಯವರು ಕಾರ್ಯಕ್ರಮ ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ ತಮ್ಮನ ಮಗಳು ಹಳೆಯ ಟೇಪುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದಳು. ಆಮೇಲೆ ಹಿಂದಿನ ಕೋಣೆಯಲ್ಲಿ ದೀಪ ಕಟ್ಟಿ, ಹೊಸ ವಿಡಿಯೋ ತೆಗೆಯತೊಡಗಿದಳು. ಅಂದಿನ ಮಕ್ಕಳು ಈಗ ಬೆಳೆದು ದೊಡ್ಡವರಾಗಿದ್ದಾರೆ. ಅವರು ವಿಡಿಯೋವನ್ನು ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ, ನಿಧಾನ ಮಾಡಿ ನೋಡುತ್ತಾರೆ. ಅಜ್ಜಿಯ ರವಿಕೆಯ ಮೂರನೇ ಗುಂಡಿ ಬದಲಾಗಿದೆ, ಹೊಲಿದವರು ಎಡಗೈಯವರು ಎಂದು ಒಬ್ಬರು ಬರೆದಿದ್ದರು. ನಾನು ಎಡಚಿ ಎಂದು ನಮ್ಮ ಬೀದಿಯವರಿಗೇ ಗೊತ್ತಿಲ್ಲ.

ಗೊಂಬೆ ಸುಮ್ಮನಿದ್ದಾಗಲೂ ಉಸಿರಾಡುತ್ತಿರಬೇಕು ಎನ್ನುವುದು ತಮ್ಮನ ನಿಯಮ. ನಾಲ್ಕು ಎಣಿಸುವಷ್ಟು ಹೊತ್ತು ಮಣಿಕಟ್ಟು ತುಸುವೇ ಮೇಲೆ, ಮತ್ತೆ ನಾಲ್ಕು ಎಣಿಸುವಷ್ಟು ಹೊತ್ತು ಕೆಳಗೆ. ಈ ಉಸಿರಿಗೇ ಜನ ಮರುಳಾಗಿದ್ದು. ಈಗ ಆ ಉಸಿರಿನೊಳಗೆ ಇನ್ನೊಂದು ಸಣ್ಣ ಕಂಪನ ಸೇರಿತ್ತು.

ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರಿಗೂ ನಡುಕ ಹೀಗೇ ಬಲಗೈ ಹೆಬ್ಬೆರಳಿನಿಂದ ಶುರುವಾಗಿತ್ತು. ಕಣ್ಣು ಮಂಜು ಎಂದು ಸುಳ್ಳು ಹೇಳಿ ಅಂಗಡಿ ಮುಚ್ಚಿದರು. ಕೊನೆಯ ವರ್ಷ ಅವರ ಬಾಯಿಗೆ ಚಮಚ ಹಿಡಿದವಳು ನಾನು. ಆದ್ದರಿಂದ ಡಾಕ್ಟರ ಹತ್ತಿರ ಹೋಗೋಣವೆಂದು ತಮ್ಮನನ್ನು ಕರೆದೆ.

“ಹೋದ್ರೆ ಅವರು ಅದಕ್ಕೊಂದು ಹೆಸರು ಹೇಳ್ತಾರೆ, ಅಕ್ಕ,” ಎಂದ. “ಹೆಸರು ಹೇಳೋವರೆಗೂ ಇದು ಬರೀ ಚಳಿ.”

ಮಗಳಿಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡ.

ನಾನು ಹೊಲಿಯುವವಳು, ನನಗೆ ಹೊಳೆದದ್ದೂ ಹೊಲಿಗೆಯೇ. ಪರದೆ ಹಾರದಿರಲೆಂದು ಅಂಚಿಗೆ ಸೀಸದ ಗುಂಡು ಹಾಕುತ್ತೇವಲ್ಲ, ಅಂಥ ಆರು ಗುಂಡುಗಳನ್ನು ಬಂದ ಶಾಲುಗಳಲ್ಲೊಂದರ ಅಂಚಿಗೆ ಸೇರಿಸಿ ಬೊಚ್ಚಜ್ಜಿಗೆ ಹೊದಿಸಿದೆ. ಭಾರಕ್ಕೆ ನಡುಕ ಅಡಗಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮರುದಿನವೇ ಒಬ್ಬರು ಬರೆದರು: ಇದು ಅವರ ಕೈಯಲ್ಲ, ನಾಲ್ಕರ ಉಸಿರು ಆರಕ್ಕೆ ಹೋಗಿದೆ, ಒಳಗಿರುವುದು ಯಾರು? ಸಂಜೆಯ ಹೊತ್ತಿಗೆ ಸಾವಿರಾರು ಜನ ಅದನ್ನೇ ಕೇಳುತ್ತಿದ್ದರು. ಇದು ಕಂಪ್ಯೂಟರು ಮಾಡಿದ ಗೊಂಬೆ ಎಂದರು ಕೆಲವರು. ಗೊಂಬೆಯಾಡಿಸುವವರು ತೀರಿಕೊಂಡಿದ್ದಾರೆ, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದರು ಇನ್ನು ಕೆಲವರು.

“ನೀನು ಸತ್ತಿದ್ದೀಯಂತೆ ಅಪ್ಪ,” ಎಂದಳು ಮಗಳು. “ಮೊದ್ಲೇ ಹೇಳಿದ್ರೆ ನಿನ್ನ ಪಾಲಿನ ದೋಸೆ ಹುಯ್ತಿರಲಿಲ್ಲ.”

ಮೂವರೂ ನಕ್ಕೆವು. ಅವಳು ನಗುತ್ತಲೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಲೈವ್ ಎಂದು ಊರಿಗೆಲ್ಲ ಸಾರಿಬಿಟ್ಟಳು. ಅರ್ಧ ಗಂಟೆ, ಎಲ್ಲೂ ಕತ್ತರಿ ಹಾಕದೆ. ತಮ್ಮನ ಮುಖದ ನಗು ಹಾಗೇ ನಿಂತುಹೋದದ್ದನ್ನು ಅವಳು ಗಮನಿಸಲಿಲ್ಲ.

ಶನಿವಾರ ಅವನು ಶಾಲು ತಂದು ನನ್ನ ಮಡಿಲಿಗೆ ಹಾಕಿ, ಇನ್ನಾರು ಗುಂಡು ಸೇರಿಸು ಎಂದ. ಅಲ್ಲಿಯವರೆಗೆ ವಿಡಿಯೋವನ್ನು ಎರಡೆರಡು ನಿಮಿಷದ ತುಂಡಾಗಿ ತೆಗೆಸಿ, ನಡುವೆ ಕೈ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ. ಅರ್ಧ ಗಂಟೆ ಎತ್ತಿ ಹಿಡಿಯುವ ಕೈ ಅಷ್ಟು ಭಾರ ತಾಳದೆಂದು ನನಗೆ ಗೊತ್ತಿತ್ತು. ಆದರೂ ಹೊಲಿದೆ. ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆಂಬ ಹೆದರಿಕೆ ಅವನಿಗಿಂತ ನನಗೇ ಹೆಚ್ಚಾಗಿತ್ತೋ ಏನೋ.

ಭಾನುವಾರ ಎಂದಿನಂತೆ ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ, ಅವನ ಮೊಣಕಾಲಿಗೆ ತಾಗಿ ಕುಳಿತೆ. ಮೇಲೆ ಬೊಚ್ಚಜ್ಜಿ, ಅವಳೆದುರು ಮಗಳ ಕ್ಯಾಮೆರಾ. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವನ ಮೊಣಕೈಯಿಂದ ಬೆವರು ನನ್ನ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಕೈ ಒಂದೊಂದೇ ಅಂಗುಲ ಇಳಿಯತೊಡಗಿತು. ಎಡಗೈಯಿಂದ ಹಿಡಿದುಕೊಂಡ. ಅದೂ ನಡುಗತೊಡಗಿತು. ಎಡಗೈಯೂ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

ಬೊಚ್ಚಜ್ಜಿ ಮೇಜಿನಂಚಿಗೆ ತಲೆಯಿಟ್ಟು ಮಲಗಿದಳು. ತಮ್ಮ ಅವಳ ದನಿಯಲ್ಲಿ ಗೊರಕೆ ಹೊಡೆದ. ನೋಡುವವರು ನಕ್ಕಿರಬೇಕು, ಮಗಳೂ ನಕ್ಕಳು. ಆಮೇಲೆ ಅವಳು ಫೋನಿನಲ್ಲಿ ಬರುತ್ತಿದ್ದುದನ್ನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದಳು. ಅಜ್ಜಿ ಮಲಗಿದ್ರಾ, ಗುಡ್ ನೈಟ್ ಅಜ್ಜಿ, ಅಜ್ಜಿ ಎದ್ದೇಳಿ.

“ಅಜ್ಜಿ ಉಸಿರಾಡ್ತಿಲ್ಲ,” ಎಂದು ಓದಿದಳು. ಇನ್ನೊಂದು ಸಲ ಅದನ್ನೇ ಓದಿದಳು. ಆಮೇಲೆ ಓದು ನಿಂತಿತು.

ಮೇಜಿನ ಬಟ್ಟೆ ಎತ್ತಿ ಒಳಗೆ ಬಗ್ಗಿದಳು. ಅಪ್ಪನ ಎರಡು ಕೈಗಳನ್ನೂ ನೋಡಿದಳು. ಶಾಲಿನ ಅಂಚನ್ನು ಹಿಡಿದು ತೂಗಿ ನೋಡಿ, ನನ್ನತ್ತ ತಿರುಗಿದಳು. ನಾನು ತಲೆ ತಗ್ಗಿಸಿದೆ.

“ಯಾವಾಗಿಂದ, ಅಪ್ಪ?”

ಅವನು ಬಾಯಿ ತೆರೆದ. ಬಂದದ್ದು ಬೊಚ್ಚಜ್ಜಿಯ ದನಿ.

“ನಿಮ್ಮ ತಾತನ ಕಾಲದಿಂದ, ಮಗಾ.”

ಅವಳು ಶಾಲನ್ನು ಬಿಟ್ಟು, ತನ್ನ ಬಲಗೈಯನ್ನು ಮುಖದೆದುರು ಚಾಚಿ, ಬೆರಳು ಬಿಡಿಸಿ ಹಿಡಿದಳು. ಮೂವರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತ ಕುಳಿತೆವು.