ಸೊಟ್ಟ ಕೋವಿ

"ಮೊದಲು ಕಣ್ಣು ಮುಚ್ಕೊ. ಆಮೇಲೆ ಕೋವಿ ಎತ್ತು. ಕಣ್ಣು ಬಿಟ್ಟಾಗ ನಳಿಗೆ ನೋಟಕ್ಕೆ ನೇರ ಇದ್ರೆ ಅದೇ ನಿನ್ನ ಕೋವಿ," ಎಂದ ಹಾರ್ಲನ್ ಮಗಳಿಗೆ. ಅವನ ಕಣ್ಣಂತೂ ತೆರೆದಿದ್ದರೂ ಮುಚ್ಚಿದ ಹಾಗೆಯೇ. ಎರಡು ವರ್ಷದಿಂದ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದು.

ಅಡುಗೆಮನೆಯ ಮೇಜಿನ ಮೇಲೆ ಹಳೇ ಕಂಬಳಿ, ಅದರ ಮೇಲೆ ತಯಾರಿಸಿದವರ ಹೆಸರಲ್ಲೇ ಕರೆಯುವ ಮೂರು ಜೋಡುನಳಿಗೆ ಕೋವಿಗಳು: ಪಾರ್ಕರ್, ಎಲ್.ಸಿ. ಸ್ಮಿತ್, ಫಾಕ್ಸ್. ನಾಳೆ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಗ್ರೌಸ್ ಹಕ್ಕಿಯ ಬೇಟೆ ಶುರು. ಮಗಳು ವರ್ನಾ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ತನ್ನ ಕೈಹಿಡಿದು ಕಾಡಿಗೆ ಕರೆದೊಯ್ದು, ಒಂದೇ ಒಂದು ಹಕ್ಕಿ ಹೊಡೆಯಬೇಕು ಎಂಬುದು ಮುದುಕನ ಹಠ. ಆಗದಿದ್ದರೆ ಮೂರು ಕೋವಿಯೂ ಮಗ ಡೇಲ್‌ಗೆ. ತಾನು ಇನ್ನು ಕಾಡಿಗೆ ಕಾಲಿಡುವುದಿಲ್ಲ. ಡೇಲ್ ಜಿಂಕೆಯ ಹಿಂದೆ ಬಿದ್ದವನು. ಹಕ್ಕಿಗಾಗಿ ಕುರುಡನ ಜೊತೆ ಹೆಜ್ಜೆ ಹಾಕುವ ತಾಳ್ಮೆ ಅವನಿಗೆಲ್ಲಿ?

ವರ್ನಾಗೆ ನಲವತ್ತಾರು. ಹತ್ತೊಂಬತ್ತರಲ್ಲಿ ಒಂದಿಡೀ ಬೇಟೆಗಾಲ ಒಂದೂ ಹಕ್ಕಿ ಬೀಳದೆ, ನಾಚಿಕೆಯಿಂದ ಕೋವಿ ಬಿಟ್ಟವಳು.

ಅವಳ ಕೈ ಸೀದಾ ಪಾರ್ಕರ್‌ಗೇ ಹೋಯಿತು. ಉಕ್ಕಿನ ಮೇಲೆ ಕೊರೆದ ನಾಯಿ, ಹುಲ್ಲು, ಆ ಹುಲ್ಲಿನ ಒಂದೊಂದು ಎಸಳು! "ಅಬ್ಬಾ! ಇದನ್ನ ಮನುಷ್ಯರು ಕೈಯಲ್ಲಿ ಕೊರೆದಿದ್ದಾರಾ ಅಪ್ಪ?"

"ಬಾಯಿ ಆಮೇಲೆ ಬಿಡು. ಖಾಲಿ ಇದೆಯಾ ತೋರ್ಸು." ಹಾರ್ಲನ್ ಮಡಚಿದ ಕೋವಿಯ ಎರಡೂ ನಳಿಗೆಯೊಳಗೆ ಬೆರಳಿಟ್ಟು ನೋಡಿ ಕೊಟ್ಟ.

ಅವಳು ಕಣ್ಣು ಮುಚ್ಚಿ ಬಲಭುಜಕ್ಕೇರಿಸಿ, ಕಣ್ಣು ತೆರೆದಳು. ನಳಿಗೆ ಒಂದು ಕಡೆ, ನೋಟ ಒಂದು ಕಡೆ. ಸ್ಮಿತ್‌ದೂ ಅದೇ ಕಥೆ.

"ಮೋಡ ಸತ್ರೂ ಸಾಯ್ಬಹುದು ಅಕ್ಕಾ, ಹಕ್ಕಿ ಮಾತ್ರ ಸಾಯಲ್ಲ," ಡೇಲ್ ಬಾಗಿಲಲ್ಲಿ ನಿಂತು ನಕ್ಕ. "ಆ ಸೊಟ್ಟದ್ದನ್ನೂ ನೋಡ್ಬಿಡು. ಅದೂ ನೀನೂ ಸರಿಯಾದ ಜೋಡಿ."

ಸೊಟ್ಟದ್ದೆಂದರೆ ಫಾಕ್ಸ್. ಚಿತ್ತಾರವಿಲ್ಲ, ಹೊಳಪಿಲ್ಲ. ತೇವಕ್ಕೆ ಹಿಂಬದಿಯ ಮರ ಬಾಗಿದೆಯೆಂದು ಹರಾಜಿನಲ್ಲಿ ಹಾರ್ಲನ್‌ಗೆ ಅಗ್ಗಕ್ಕೆ ಸಿಕ್ಕಿದ್ದು. ಮನೆಯಲ್ಲಿ ಯಾರೂ ಅದರಿಂದ ಗುರಿ ಹೊಡೆದದ್ದಿಲ್ಲ. ವರ್ನಾ ಎತ್ತಿದಳು. ಇದರ ನಳಿಗೆಯಂತೂ ನೋಟದಿಂದ ಇನ್ನೂ ದೂರ. ಕೋವಿಯನ್ನು ಕಂಬಳಿಯ ಮೇಲಿಟ್ಟಳು.

"ನನ್ ಕೈಲಾಗಲ್ಲ ಅಪ್ಪ. ಬಿಟ್ಬಿಡು."

ಹಾರ್ಲನ್ ಕುರ್ಚಿಯನ್ನು ಅವಳತ್ತ ಎಳೆದುಕೊಂಡ. "ಎರಡೂ ಕಣ್ಣು ಬಿಟ್ಟು, ಕಿಟಕಿ ಆಚೆ ಮರಕ್ಕೆ ಬೆರಳು ತೋರ್ಸು. ಈಗ ಎಡಗಣ್ಣು ಮುಚ್ಚು. ಬೆರಳು ಮರದ ಮೇಲೇ ಇದೆಯಾ?"

"ಇಲ್ಲ. ಪಕ್ಕಕ್ಕೆ ಹೋಯ್ತು."

"ಅಯ್ಯೋ ದೇವ್ರೇ!" ಮುದುಕ ಮೇಜು ತಡವಿ ಫಾಕ್ಸನ್ನು ಕೈಗೆತ್ತಿಕೊಂಡ. "ನನ್ನ ಬಲಗಣ್ಣು ಮೊದಲು ಹೋದಾಗ್ಲೇ ಗೊತ್ತಾಗಿದ್ದು ಮಗಳೇ, ಗುರಿಯೆಲ್ಲ ಆ ಕಣ್ಣಲ್ಲೇ ಇತ್ತು ಅಂತ. ನಿಂದು ಎಡಗಣ್ಣಲ್ಲಿದೆ. ಮನೇಲಿ ಎಲ್ಲರೂ ಬಲಗಡೆಯವರು, ನಿನಗೂ ಬಲಗಡೇನೇ ಕಲಿಸ್ಬಿಟ್ಟೆ. ತಪ್ಪು ನಿಂದಲ್ಲ ಕಣೇ, ನಂದು. ತಗೋ, ಎಡಭುಜಕ್ಕೆ ಹಿಡಿ."

ಅವಳು ಕಣ್ಣು ಮುಚ್ಚಿ ಫಾಕ್ಸನ್ನು ಎಡಭುಜಕ್ಕೇರಿಸಿದಳು. ಕೋವಿಯ ಹಿಂಬದಿಯ ಮರ ಕೆನ್ನೆಗೆ ತಾನಾಗಿಯೇ ಬಂದು ಕೂತಿತು. ಕಣ್ಣು ತೆರೆದರೆ, ನಳಿಗೆಯ ತುದಿಯ ಹಿತ್ತಾಳೆ ಮಣಿ ನೇರ ಕಣ್ಣೆದುರಿಗೆ.

"ಇದು ತೇವಕ್ಕೆ ಬಾಗಿದ್ದಲ್ಲ ಅಪ್ಪ," ಎಂದಳು ಪಿಸುಮಾತಿನಲ್ಲಿ. "ಬೇಕಂತಲೇ ಬಾಗಿಸಿದ್ದು." ನೂರು ವರ್ಷದ ಹಿಂದೆ ಯಾರೋ ಎಡಗೈಯವರು ಹೇಳಿ ಮಾಡಿಸಿಕೊಂಡದ್ದು. ಆ ಮನುಷ್ಯರ ಹೆಸರೂ ಗೊತ್ತಿಲ್ಲ. ಅವರ ಕೆನ್ನೆಯಿದ್ದ ಜಾಗದಲ್ಲಿ ಈಗ ಅವಳ ಕೆನ್ನೆ. ಡೇಲ್ ನಗುವುದನ್ನು ಮರೆತಿದ್ದ.

ಮರುದಿನ ಬೆಳಿಗ್ಗೆ ವರ್ನಾ ಅಪ್ಪನ ಕೈಹಿಡಿದು ಕಾಡಿಗೆ ಕರೆತಂದಳು. ಬೇಟೆನಾಯಿಯ ಕೊರಳ ಗಂಟೆ ಮುಂದೆ ಮುಂದೆ ಕೇಳುತ್ತಿತ್ತು. ಥಟ್ಟನೆ ನಿಂತಿತು. "ನಾಯಿ ಹಕ್ಕಿ ಕಂಡು ನಿಂತಿದೆ. ಹೋಗು," ಎಂದ ಹಾರ್ಲನ್, ಮರಕ್ಕೊರಗಿ. ರೆಕ್ಕೆಗಳ ಬಿರುಸಾದ ಸದ್ದು, ಒಂದೇ ಒಂದು ಗುಂಡು. ಆಮೇಲೆ ಏನೂ ಇಲ್ಲ. ಅವನು ಗಂಟೆಯ ಸದ್ದಿಗೆ ಕಿವಿಗೊಟ್ಟು ನಿಂತ.

ಎಲೆಗಳ ಮೇಲೆ ಗಂಟೆ ಮತ್ತೆ ಅಲುಗಿತು. ಓಡುವ ಗಂಟೆಯಲ್ಲ, ಬಾಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಬರುವ ಗಂಟೆ. ಮುದುಕ ಮಂಡಿಯೂರಿ ಎರಡೂ ಕೈ ಚಾಚಿದ.