ಜಡೆಪ್ಪನ ಕಿವಿಗೆ ಎಣ್ಣೆ ಬ್ಯಾಡ

ಬೆಳ್ಳುಳ್ಳಿ ಹಾಕಿದ ಎಣ್ಣೆ ಚುರುಗುಟ್ಟುತ್ತಿತ್ತು. ಮರುಳಸಿದ್ದಮ್ಮ ಅದನ್ನು ಒಲೆಯಿಂದ ಇಳಿಸಿ, ಗಂಡ ಜಡೆಪ್ಪನ ಕಿವಿಗೆ ಇಡಲು ಹತ್ತಿ ಹೊಸೆಯತೊಡಗಿದಳು. ಅಷ್ಟರಲ್ಲಿ ಕಮಲಾಪುರದ ಆಶಾ ಕಾರ್ಯಕರ್ತೆ ಪೂಜಿತಾ ಒಳಗೆ ಬಂದಳು.

“ಏನ್ ದೊಡ್ಡವ್ವಾ, ಬಜ್ಜಿ ಮಾಡಾಕತ್ತೀರೇನು?”

“ಬಜ್ಜಿ ಎಲ್ಲೀದವ್ವಾ. ನಿಮ್ಮ ದೊಡ್ಡಪ್ಪನ ಕಿವಿಗೆ. ಸಂಡೂರು ಗಣಿಯಾಗ ಕಲ್ಲು ಸಿಡಿಸೋ ಸಪ್ಪಳಕ್ಕ ಕಿವಿ ಹೋಗ್ಯಾವ.”

“ಗಣಿ ಬಿಟ್ಟು ಎಷ್ಟೋ ವರ್ಷ ಆತಲ್ಲ. ಈಗ ಒಮ್ಮೆಲೇ ಹ್ಯಾಂಗ ಹೋದವು?”

ಮರುಳಸಿದ್ದಮ್ಮ ನೆನೆದಳು. ನಾಗರ ಪಂಚಮಿಗೆ ಮುಂಚೆ ಒಂದು ಬೆಳಿಗ್ಗೆ ಜಡೆಪ್ಪನ ಬಾಯಿ ಸೊಟ್ಟಗಾಗಿ, ಕೈ ಜೋತುಬಿದ್ದಿತ್ತು. ಸಂಜೆಗೆ ಸರಿಹೋಯಿತೆಂದು ಸುಮ್ಮನಾದರು. ಅಂದಿನಿಂದ ಅವನಿಗೆ ಯಾರ ಮಾತೂ ತಿಳಿಯದು. ಕಂಪ್ಲಿಯಿಂದ ತಂಗಿ ಜಂಬಕ್ಕ ಫೋನು ಮಾಡಿದರೆ ಸುಮ್ಮನೆ ಕೆಳಗಿಡುತ್ತಾನೆ. ಹಬ್ಬಕ್ಕೆ ಅವಳನ್ನು ಕರೆತರಲೂ ಹೋಗಲಿಲ್ಲ. “ಅಣ್ಣಾ, ನನ್ನ ಮ್ಯಾಲೆ ಸಿಟ್ಟೇನು?” ಎಂದು ಅವಳು ಕಾಗದ ಬರೆದಳು. ಜಡೆಪ್ಪ ಓದಿ ಕಣ್ಣೊರೆಸಿಕೊಂಡು, “ಸಿಟ್ಟಲ್ಲವ್ವಾ, ಯಾರು ಏನಂದ್ರೂ ನನಗ ತಿಳಿಯವಲ್ದು” ಎಂದು ಉತ್ತರ ಬರೆದ. ಅದನ್ನು ಕಳಿಸದೆ ಗೋಡೆಯ ಗೂಡಿನಲ್ಲಿಟ್ಟವಳು ಮರುಳಸಿದ್ದಮ್ಮನೇ. ತಲೆ ಕೆಟ್ಟಿದೆಯೆಂದು ಜನ ಆಡಿಕೊಂಡಾರೆಂಬ ಅಂಜಿಕೆ ಅವಳಿಗೆ.

ಪೂಜಿತಾ ಮೂಲೆಯಲ್ಲಿ ಕೂತಿದ್ದ ಜಡೆಪ್ಪನ ಬೆನ್ನ ಹಿಂದೆ ತಾಟೊಂದನ್ನು ಬೀಳಿಸಿದಳು. ಅವನು ಬೆಚ್ಚಿ ತಿರುಗಿದ.

“ದೊಡ್ಡಪ್ಪಾ, ಚಾ ಕುಡೀತೀರೇನು?”

ಅವನು ಪಿಳಿಪಿಳಿ ನೋಡಿದ.

“ಕಂಡ್ರ್ಯಾ ದೊಡ್ಡವ್ವಾ? ಸಪ್ಪಳ ಕೇಳ್ತೈತಿ, ಮಾತು ತಿಳಿಯಂಗಿಲ್ಲ. ಕಿವಿಗೆ ಬಿದ್ದ ಮಾತನ್ನ ಬಿಡಿಸಿ ಹೇಳೋದು ಮೆದುಳು. ಪೆಟ್ಟು ಅಲ್ಲಿ ಬಿದ್ದಿರಬಹುದು. ನಿಮ್ಮ ಎಣ್ಣಿ ಅಲ್ಲೀತನಕ ಹೋಗಂಗಿಲ್ಲ.”

“ಹುಚ್ಚಲ್ಲ ಹೌದಿಲ್ಲೋ? ತಂಗಿ ಕಾಗದ ಓದಿ ಉತ್ತರಾನೂ ಬರೆದಾರ.”

“ಓದ್ತಾರ, ಬರೀತಾರ, ಸಾರಿಗೆ ಉಪ್ಪು ಕಡಿಮಿ ಆದ್ರ ಮುಖ ಸಿಂಡರಿಸ್ತಾರ. ಎಲ್ಲೀ ಹುಚ್ಚು? ಏಳ್ರಿ, ಡಾಕ್ಟರ್ ನೋಡ್ಲಿ.”

ಹೊಸಪೇಟೆಯ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಲಕ್ವ ಹೊಡೆದು ಮೆದುಳಿಗೆ ಪೆಟ್ಟಾಗಿದೆ ಎಂದರು. ಬಿಪಿ ಮಾತ್ರೆ ಬರೆದುಕೊಟ್ಟು, ಮಾತು ತಿಳಿಯುವುದನ್ನು ಕಲಿಸುವವರ ಬಳಿ ಕಳಿಸಿದರು. ಮೊದಲಿನಂತೆ ಪೂರ್ತಿ ಆಗದಿದ್ದರೂ ಸುಧಾರಿಸೀತು ಎಂದರು. ಹೇಳಬೇಕಾದ್ದನ್ನು ಬರೆದು ತೋರಿಸಲು ಮನೆಗೆ ಸ್ಲೇಟು ಬಂತು. ಟಿವಿ ಆರಿಸಿ, ಎದುರು ಕೂತು, ಒಂದೊಂದೇ ಮಾತು ನಿಧಾನವಾಗಿ ಆಡುವ ರೂಢಿಯಾಯಿತು. ಒಂದು ಮಧ್ಯಾಹ್ನ ಮರುಳಸಿದ್ದಮ್ಮ ಸ್ಲೇಟು ಮರೆತು “ಉಣ್ತೀರೇನು?” ಎಂದಳು.

“ಮುದ್ದಿ ಮಾಡೀಯೇನು?” ಎಂದ ಜಡೆಪ್ಪ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಾಟು ಹಾಕಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಇಲ್ಲವೆ ಒಮ್ಮೆಲೇ ಮಾತು ತಿಳಿಯದಾದರೆ, ಸಂಜೆಗೆ ಸರಿಹೋದೀತೆಂದು ಕಾಯಬೇಡಿ. ಕೂಡಲೆ 108ಕ್ಕೆ ಫೋನು ಮಾಡಿ. ಕಿವಿಗೆ ಎಣ್ಣೆ ಬಿಡಬೇಡಿ. ಹುಚ್ಚೆಂದು ಮೂಲೆಗೆ ಕೂರಿಸಬೇಡಿ.

ಊಟವಾದ ಮೇಲೆ ಮರುಳಸಿದ್ದಮ್ಮ ಗೂಡಿನಿಂದ ಕಳಿಸದೆ ಇಟ್ಟಿದ್ದ ಆ ಕಾಗದ ತೆಗೆದಳು. ಗಂಡನ ಅಕ್ಷರದ ಕೆಳಗೆ ತಾನೂ ಎರಡು ಸಾಲು ಬರೆದಳು: “ಜಂಬಕ್ಕಾ, ಜಲ್ದಿ ಬಾ. ನಿಮ್ಮಣ್ಣನ ಎದುರು ಕೂತು ಮೆಲ್ಲಗ ಮಾತಾಡು, ತಿಳೀತೈತಿ.” ಆಮೇಲೆ ಇಬ್ಬರೂ ಬಸ್ ನಿಲ್ದಾಣದ ತನಕ ನಡೆದು ಹೋಗಿ, ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದರು.